ಅಣ್ಣ ಮಾಡಿದ ಪ್ರಮಾಣ

“ನನ್ ಮೇಲೇ ಒಂದ್ ಕೇಸ್ ಹಾಕ್ಬೇಕು ಮೇಡಂ.”

ಹಲಸೂರಿನ ಬಜಾರ್ ಬೀದಿಯಲ್ಲಿ ಬಳೆ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ಆಫೀಸು. ಮೆಟ್ಟಿಲು ಹತ್ತಿ ಬರುವವರೆಲ್ಲ ಇನ್ನೊಬ್ಬರ ಮೇಲೆ ಕೇಸು ಹಾಕಲು ಬರುವವರೇ. ಬಾಡಿಗೆ ಕೊಡದವನ ಮೇಲೆ, ಪಾಲು ಕೊಡದ ಚಿಕ್ಕಪ್ಪನ ಮೇಲೆ, ಒಮ್ಮೊಮ್ಮೆ ಹಿಂದಿನ ವಕೀಲರ ಮೇಲೆ. ತನ್ನ ಮೇಲೇ ಹಾಕಿ ಎಂದು ಕೇಳಿಕೊಂಡು ಬಂದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ತಲೆ ಎತ್ತಿದೆ.

ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಐವತ್ತರ ಆಸುಪಾಸಿನ ಗಟ್ಟಿ ಆಳು. ದೊಡ್ಡನೆಕ್ಕುಂದಿಯ ಹಳೇ ಮನೆತನದವನು. ಅಪ್ಪನ ಕಾಲದಲ್ಲಿ ರಾಗಿ ಬೆಳೆದ ನೆಲದಲ್ಲಿ ಈಗ ಫ್ಯಾಕ್ಟರಿಗಳಿದ್ದವು. ಉಳಿದ ಚೂರು ಜಾಗದಲ್ಲಿ ಒಂದಷ್ಟು ರೂಮು ಕಟ್ಟಿ ಬಾಡಿಗೆಗೆ ಕೊಟ್ಟಿದ್ದ. ಪಕ್ಕದ ಕುರ್ಚಿಯಲ್ಲಿ ಅವನ ತಂಗಿ ಕೂತಿದ್ದಳು. ಸೆರಗಿನ ಒಳಗೆ ಎಡಗೈಯನ್ನು ಮಗುವಿನಂತೆ ಹಿಡಿದುಕೊಂಡಿದ್ದಳು. ಮಾತನ್ನೆಲ್ಲ ಅಣ್ಣನೇ ಆಡುತ್ತಿದ್ದ.

ದೀಪಾವಳಿಗೆ ತವರಿಗೆ ಕರೆದೊಯ್ಯಲು ಅಣ್ಣ ತನ್ನ ಕಾರು ತೆಗೆದುಕೊಂಡು ಲಿಂಗರಾಜಪುರಕ್ಕೆ ಹೋಗಿದ್ದ. ವಾಪಸು ಬರುವಾಗ ಟಿನ್ ಫ್ಯಾಕ್ಟರಿ ದಾಟಿ ಸ್ವಲ್ಪ ಮುಂದೆ, ಮೆಟ್ರೋ ಕೆಲಸಕ್ಕೆಂದು ರಸ್ತೆಯಲ್ಲಿಟ್ಟಿದ್ದ ಕಾಂಕ್ರೀಟ್ ದಿಮ್ಮಿಗೆ ಕಾರು ಬಡಿದು ಎಡಕ್ಕೆ ಮಗುಚಿತು. ಎಡಗಡೆ ಕೂತಿದ್ದವಳು ತಂಗಿ. ಮೊಣಕೈ ಪುಡಿಯಾಗಿ, ಅದರ ಹಿಂದೆ ಹಾದುಹೋಗುವ ನರವೂ ಜಜ್ಜಿಹೋಯಿತು. ಮೂಳೆ ಕೂಡಿತು, ಆದರೆ ಕಿರುಬೆರಳು ಮತ್ತು ಉಂಗುರದ ಬೆರಳು ಬಾಗಿದವು ಬಾಗಿದಂತೆಯೇ ಉಳಿದವು. ಅಣ್ಣನಿಗೆ ಒಂದು ಗೀರೂ ಆಗಿರಲಿಲ್ಲ. “ಅದೇ ಮೇಡಂ ನಂಗೆ ನಾಚ್ಕೆ” ಎಂದ.

ತಂಗಿಗೆ ಲಿಂಗರಾಜಪುರದ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಒಂದು ಪಾರ್ಲರ್ ಇತ್ತು. ಒಂದು ಕುರ್ಚಿ, ಒಂದು ಕನ್ನಡಿ, ಅಕ್ಕಪಕ್ಕದ ಬೀದಿಯ ಹೆಂಗಸರು. ಹುಬ್ಬು ತೀಡುವುದರಲ್ಲಿ ಆಕೆಯ ಕೈ ಹೆಸರಾಗಿತ್ತು. ದಾರದ ಒಂದು ತುದಿ ಹಲ್ಲಿನಲ್ಲಿ, ಉಳಿದದ್ದು ಎರಡೂ ಕೈಯ ಬೆರಳುಗಳಲ್ಲಿ; ಬೆರಳು ಬಿಚ್ಚಿ ಮುಚ್ಚಿದಂತೆ ದಾರ ಕತ್ತರಿಯಾಡಬೇಕು. ಬಿಚ್ಚದ ಬೆರಳಿನಲ್ಲಿ ಆ ಕೆಲಸ ಆಗುವುದಿಲ್ಲ. ಇನ್ನೊಂದು ಆಪರೇಷನ್ ಮಾಡಿ ಬೇರೆ ಸ್ನಾಯುವನ್ನು ಬೆರಳಿಗೆ ಜೋಡಿಸಿದರೆ ಸ್ವಲ್ಪ ಸರಿಹೋಗಬಹುದು, ಆದರೆ ತುಂಬ ತಡ ಮಾಡಬಾರದು ಎಂದು ಡಾಕ್ಟರು ಹೇಳಿದ್ದರು. ಮೊದಲ ಆಪರೇಷನ್ನಿಗೆ ಅಣ್ಣ ಸಾಲ ಮಾಡಿ ಕೊಟ್ಟಿದ್ದ. ಎರಡನೆಯದಕ್ಕೂ ಕೊಡುತ್ತೇನೆಂದಾಗ ತಂಗಿ ಕೈ ಅಡ್ಡ ಹಿಡಿದಳಂತೆ. ಆಗ ಯಾರೋ ಅವನಿಗೆ ಕಾರಿನ ಇನ್ಶೂರೆನ್ಸ್ ನೆನಪಿಸಿದ್ದರು.

ಕಾನೂನು ಇಲ್ಲಿ ಸರಳವಾಗಿಯೇ ಇದೆ, ಕೇಳುವುದಕ್ಕೆ ಮಾತ್ರ ವಿಚಿತ್ರ. ಕಾರಿನೊಳಗೆ ಕೂತವರಿಗೆ ಪೆಟ್ಟಾಗಿ, ತಪ್ಪು ಆ ಕಾರು ಓಡಿಸಿದವನದೇ ಆಗಿದ್ದರೆ, ಪರಿಹಾರ ಕೇಳಬೇಕಾದದ್ದು ಆ ಕಾರಿನ ಮಾಲೀಕ ಮತ್ತು ಅದರ ವಿಮಾ ಕಂಪನಿಯಿಂದ. ಅಣ್ಣ ಪೂರ್ತಿ ಪಾಲಿಸಿ ಮಾಡಿಸಿದ್ದರಿಂದ ಒಳಗೆ ಕೂತವರಿಗೂ ಅದು ಅನ್ವಯಿಸುತ್ತಿತ್ತು. ಹಣ ಕೊಡುವುದು ಕಂಪನಿ. ಆದರೆ ಅರ್ಜಿಯ ಮೊದಲ ಹಾಳೆಯ ಮೇಲೆ ತಂಗಿ ಅರ್ಜಿದಾರಳು, ಅಣ್ಣ ಒಂದನೇ ಎದುರುದಾರ. ಒಳಗಿನ ಪುಟದಲ್ಲಿ, ಆತ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಕಾರು ಓಡಿಸಿದ ಎಂಬ ಸಾಲು ಇರಲೇಬೇಕು.

ತಪ್ಪು ಯಾರದೆಂದು ಸಾಬೀತು ಮಾಡುವ ಗೊಡವೆಯಿಲ್ಲದೆ ಪರಿಹಾರ ಪಡೆಯುವ ಇನ್ನೊಂದು ದಾರಿಯೂ ಇದೆ. ಅಲ್ಲಿ ಸಿಗುವುದು ನಿಗದಿ ಮಾಡಿದ ಸಣ್ಣ ಮೊತ್ತ. ಅದು ಆಪರೇಷನ್ನಿಗೆ ಸಾಲಬಹುದು, ಇಲ್ಲವೇ ಪಾರ್ಲರ್ ಉಳಿಸಿಕೊಳ್ಳಲು; ಎರಡಕ್ಕೂ ಸಾಲದು. ಎರಡೂ ದಾರಿಯಲ್ಲಿ ಒಟ್ಟಿಗೆ ನಡೆಯಲು ಬರುವುದಿಲ್ಲ. ನಾನು ದೊಡ್ಡ ದಾರಿಯನ್ನೇ ಆರಿಸಿಕೊಂಡೆ. ಆ ಕೈ ನೋಡಿದವರು ಯಾರಾದರೂ ಅದನ್ನೇ ಆರಿಸುತ್ತಿದ್ದರು ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ. ಹಾಗೆ ಅಂದುಕೊಂಡರೂ ಸಮಾಧಾನವಾಗುವುದಿಲ್ಲ ಎನ್ನುವುದು ಬೇರೆ ಮಾತು.

ಇಂಥ ಕೇಸುಗಳಲ್ಲಿ ನಮ್ಮಲ್ಲೊಂದು ರೂಢಿ ಇದೆ. ನಿಮ್ಮ ಪರ ಬೇರೆ ವಕೀಲರನ್ನು ನೋಡಿಕೊಳ್ಳಿ ಎಂದು ಕಾರಿನ ಮಾಲೀಕನಿಗೆ ಬಾಯಿಮಾತಿಗೆ ಹೇಳುತ್ತೇವೆ. ಆತ ನೋಡಿಕೊಳ್ಳುವುದಿಲ್ಲ, ಕೋರ್ಟಿಗೂ ಬರುವುದಿಲ್ಲ. ನೋಟಿಸು ತಲುಪಿಯೂ ಬಾರದವನೆಂದು ಕೋರ್ಟು ಅವನನ್ನು ಬದಿಗಿಟ್ಟು ಮುಂದುವರಿಯುತ್ತದೆ. ಮಾಲೀಕನ ಪರವಾಗಿಯೂ ವಾದಿಸಲು ವಿಮಾ ಕಂಪನಿ ಅನುಮತಿ ಪಡೆಯುತ್ತದೆ. ಎಲ್ಲ ಮಾಮೂಲು. ಅಣ್ಣನೂ ಹಾಗೇ ಬಾರದೆ ಉಳಿದ. ತಂಗಿಯ ಹೆಸರಿನ ನೋಟಿಸು ಅಣ್ಣನ ಬಾಗಿಲಿಗೆ ಬಂದ ದಿನ ಊರಿನವರು ಏನಂದುಕೊಂಡರೋ, ಆತ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಎಂ.ಜಿ. ರಸ್ತೆಯ ಬದಿಯ ಕೋರ್ಟಿನಲ್ಲಿ ವಿಚಾರಣೆ ಶುರುವಾಯಿತು. ಮೊದಲಿಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಮೂಳೆ ಡಾಕ್ಟರು ಬಂದು ಕೈಯ ಊನ ಇಷ್ಟು, ಇಡೀ ದೇಹಕ್ಕೆ ಲೆಕ್ಕ ಹಾಕಿದರೆ ಇಷ್ಟು ಎಂದರು. ಲೆಕ್ಕ ತೀರ ಕಡಿಮೆ ಅನಿಸಿತು. ವಿಮಾ ಕಂಪನಿಯ ವಕೀಲರು ಹಿರಿಯರು, ಮಾತಿನಲ್ಲಿ ಬಲು ನಯ. “ಎಡಗೈ ತಾನೇ ಡಾಕ್ಟ್ರೇ? ಊಟ ಬಲಗೈಲಿ, ಸಹಿ ಬಲಗೈಲಿ” ಎಂದು ನಕ್ಕರು.

ನನಗೆ ರೇಗಿತು. ಮುಂದಿನ ಸಲ ತಂಗಿಯ ಸಾಕ್ಷ್ಯಕ್ಕೆ, ಪಾರ್ಲರಿನ ದಾರದುಂಡೆ ತನ್ನಿ ಎಂದು ಆಕೆಗೆ ಹೇಳಿದೆ. ಕೋರ್ಟಿನ ಅನುಮತಿ ಕೇಳಿ, ಸಾಕ್ಷಿ ಕಟ್ಟೆಯಲ್ಲೇ ಮಾಡಿ ತೋರಿಸಲು ಹೇಳಿದೆ. ಆಕೆ ದಾರದ ತುದಿ ಹಲ್ಲಲ್ಲಿ ಕಚ್ಚಿ, ಕುಣಿಕೆ ಹಾಕಿ, ಬಲಗೈ ಬಿಚ್ಚಿದಳು. ಎಡಗೈ ಬಿಚ್ಚಲಿಲ್ಲ. ದಾರ ಸಡಿಲಾಗಿ ಗಲ್ಲದ ಮೇಲೆ ಇಳಿಬಿತ್ತು. ಮತ್ತೊಮ್ಮೆ ಮಾಡಿದಳು. ನ್ಯಾಯಾಧೀಶರು “ಸಾಕಮ್ಮ” ಎಂದು ಟೈಪಿಸ್ಟರ ಕಡೆ ತಿರುಗಿ, ಬೆರಳುಗಳು ಬಾಗಿಯೇ ಇರುವುದನ್ನು ನ್ಯಾಯಾಲಯ ಗಮನಿಸಿದೆ ಎಂದು ಬರೆಸಿದರು. ಗೆದ್ದೆ ಅಂದುಕೊಂಡೆ.

ಆಮೇಲೆ ಪಾಟಿ ಸವಾಲು. ಹಿರಿಯರು ಎದ್ದು ನಿಂತು ಕೈ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

“ಏನಮ್ಮ, ನಿಮ್ಮಣ್ಣ ಎಷ್ಟ್ ವರ್ಷದಿಂದ ಕಾರ್ ಓಡಿಸ್ತಾರೆ?”

“ತುಂಬಾ ವರ್ಷದಿಂದ ಸಾರ್.”

“ಯಾವತ್ತಾದ್ರೂ ಯಾರಿಗಾದ್ರೂ ಗುದ್ದಿದ್ರಾ?”

“ಅಯ್ಯೋ ಇಲ್ಲ ಸಾರ್. ನಾಯಿ ಅಡ್ಡ ಬಂದ್ರೂ ನಿಲ್ಲಿಸ್ತಾನೆ.”

“ಅವತ್ತೂ ನಿಧಾನವಾಗೇ ಓಡಿಸ್ತಿದ್ರಲ್ವಾ? ಒಳ್ಳೇ ಮನುಷ್ಯ ಪಾಪ. ದಿಮ್ಮೀನ ರಸ್ತೇಲಿ ಇಟ್ಟೋರ್ ತಪ್ಪು. ಅವರದ್ದೇನ್ ತಪ್ಪು?”

ನಾನು ಎದ್ದು ಆಕ್ಷೇಪಿಸುವ ಮೊದಲೇ ತಂಗಿಯ ಕಣ್ಣಲ್ಲಿ ನೀರು ಬಂದಿತ್ತು. ಕೇಸು ಶುರುವಾದಾಗಿನಿಂದ ಅಣ್ಣನ ಪರವಾಗಿ ಮಾತಾಡಿದವರು ಆ ಹಿರಿಯರೊಬ್ಬರೇ. “ಹೌದು ಸಾರ್, ಅವನ ತಪ್ಪೇನೂ ಇಲ್ಲ” ಎಂದುಬಿಟ್ಟಳು.

ಟೈಪಿಸ್ಟರ ಬೆರಳು ಓಡಿತು. ‘ನಮ್ಮ ಅಣ್ಣ ಕಾರನ್ನು ನಿಧಾನವಾಗಿ ಚಾಲನೆ ಮಾಡುತ್ತಿದ್ದರು ಎಂದರೆ ಸರಿ. ಅಪಘಾತದಲ್ಲಿ ಅವರ ತಪ್ಪಿಲ್ಲ ಎಂದರೆ ಸರಿ.’ ಎರಡು ‘ಸರಿ’ಗಳಲ್ಲಿ ನಮ್ಮ ಕೇಸು ನೆಲ ಕಚ್ಚಿತು.

ಮೆಟ್ಟಿಲ ಮೇಲೆ ಆಕೆಯನ್ನು ಚೆನ್ನಾಗಿ ಬೈದೆ. ಪ್ರಮಾಣಪತ್ರದಲ್ಲಿ ಬರೆದದ್ದನ್ನು ಓದಿ ಹೇಳಿರಲಿಲ್ಲವೇ, ಸಹಿ ಹಾಕಿರಲಿಲ್ಲವೇ, ಆ ಮನುಷ್ಯ ಕಂಪನಿಯ ವಕೀಲ, ನಿಮ್ಮ ಸೋದರಮಾವನಲ್ಲ ಎಂದೆಲ್ಲ. ಬೈದು ಮುಗಿದ ಮೇಲೆ ಆಕೆ ಹೇಳಿದಳು:

“ಅವತ್ತು ಅವನು ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ ಮೇಡಂ. ಕಾರಲ್ಲೇ ಡಬ್ಬಿ ಬಿಚ್ಚಿ ನಾನೇ ಕಜ್ಜಾಯ ಕೊಟ್ಟೆ. ಬೇಡ ಮನೇಲ್ ತಿಂತೀನಿ ಅಂದ. ಬಾಯಿ ಹತ್ರ ಹಿಡ್ದೆ. ಈ ಕಡೆ ತಿರುಗ್ದ. ಅಷ್ಟೇ ಮೇಡಂ. ಕೈ ಚಾಚಿದ್ದು ನಾನು. ಅವನ ತಪ್ಪು ಅಂತ ಯಾವ್ ಬಾಯಲ್ಲಿ ಹೇಳ್ಲಿ?”

ಕಾನೂನಿನ ಕಣ್ಣಿಗೆ ಅದರಲ್ಲಿ ಗೊಂದಲವೇ ಇಲ್ಲ. ಸ್ಟಿಯರಿಂಗ್ ಹಿಡಿದವನ ಕಣ್ಣು ರಸ್ತೆಯ ಮೇಲಿರಬೇಕು, ಕಜ್ಜಾಯ ಯಾರೇ ಕೊಡಲಿ. ಅದನ್ನೇ ಹೇಳಿದೆ. ಆಕೆಗೆ ಅದು ತಲುಪಲಿಲ್ಲ. ಬಗ್ಗಿದ ಬೆರಳುಗಳನ್ನು ಬಲಗೈಯಿಂದ ನೀವಿಕೊಳ್ಳುತ್ತ, “ಬಲಗೈಲಿ ಡಬ್ಬಿ ಇತ್ತು, ಈ ಕೈಯಲ್ಲೇ ಮೇಡಂ ಕೊಟ್ಟಿದ್ದು” ಎಂದಳು.

ಆ ಸಂಜೆ ಅಣ್ಣನನ್ನು ಆಫೀಸಿಗೆ ಕರೆಸಿದೆ. ಕೋರ್ಟಿನಲ್ಲಿ ನಡೆದದ್ದನ್ನು ಹೇಳಿದಾಗ ಮೊದಲು ನಕ್ಕ, ಆಮೇಲೆ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಈಗ ಎರಡೇ ದಾರಿ ಎಂದೆ. ಸಣ್ಣ ಮೊತ್ತದ ಅರ್ಜಿಗೆ ಬದಲಾಯಿಸಿಕೊಂಡು ಸಿಕ್ಕಷ್ಟು ತೆಗೆದುಕೊಳ್ಳುವುದು ಒಂದು. ಅಣ್ಣನೇ ಸಾಕ್ಷಿ ಕಟ್ಟೆಗೆ ಬಂದು ತಪ್ಪು ನನ್ನದು ಎನ್ನುವುದು ಇನ್ನೊಂದು. ಆದರೆ ಪೊಲೀಸರು ಆತನ ಮೇಲೆ ಹಾಕಿದ್ದ ಕೇಸು ಇನ್ನೂ ನಡೆಯುತ್ತಿತ್ತು. ಇಲ್ಲಿ ಒಪ್ಪಿಕೊಂಡರೆ ಅಲ್ಲಿ ತಪ್ಪಿಸಿಕೊಳ್ಳಲಾಗುವುದಿಲ್ಲ, ನಿಮ್ಮದೇ ವಕೀಲರನ್ನು ಕೇಳಿ ನಿರ್ಧಾರ ಮಾಡಿ ಎಂದೆ.

“ಕೇಳೋದೇನಿದೆ ಮೇಡಂ. ಅಲ್ಲೂ ಒಪ್ಕೊಂಡು ದಂಡ ಕಟ್ತೀನಿ. ಇಲ್ಲೂ ಹೇಳ್ತೀನಿ. ಕಣ್ಣು ತಪ್ಪಿಸಿದ್ದು ನಾನೇ ತಾನೇ?” ಎಂದ. ಎದ್ದು ಬಾಗಿಲ ತನಕ ಹೋದವನು ತಿರುಗಿ ನಿಂತ. “ಅಲ್ಲಿ ಪ್ರಮಾಣ ಮಾಡಿಸ್ತಾರಾ ಮೇಡಂ?”

“ಮಾಡಿಸ್ತಾರೆ. ಯಾಕೆ?”

ಅಪ್ಪನ ಕಾಲದ ಒಂದು ಜಗಳ ಹೇಳಿದ. ಬದುವಿನ ವಿಷಯಕ್ಕೆ ದಾಯಾದಿಯೊಬ್ಬ ಊರಮ್ಮನ ಗುಡಿಯಲ್ಲಿ ಕರ್ಪೂರ ಹಚ್ಚಿ ಸುಳ್ಳು ಪ್ರಮಾಣ ಮಾಡಿದನಂತೆ. ಅವನಿಗೇನೂ ಆಗಲಿಲ್ಲ, ನೂರು ವರ್ಷ ಬದುಕುವವನ ಹಾಗಿದ್ದ. ಅವನ ಮನೆಯ ಹೆಣ್ಣುಮಕ್ಕಳು ಒಬ್ಬರಾದ ಮೇಲೊಬ್ಬರು ನವೆದು ಹೋದರಂತೆ. “ನಮ್ ಕಡೆ ಹಂಗೇ ಮೇಡಂ. ಸುಳ್ಳು ಪ್ರಮಾಣ ಮಾಡ್ದೋನಿಗೆ ತಟ್ಟಲ್ಲ. ಯಾರ್ ವಿಷ್ಯಕ್ಕೆ ಮಾಡಿದ್ನೋ ಅವ್ರಿಗೆ ತಟ್ಟುತ್ತೆ.”

ನಾನು ನಕ್ಕೆ. “ಅಯ್ಯೋ, ಕೋರ್ಟಲ್ಲಿ ಅದು ಬರೀ ಫಾರ್ಮಾಲಿಟಿ ರೀ. ಅಟೆಂಡರ್ ಒಂದೇ ಉಸಿರಲ್ಲಿ ಹೇಳ್ತಾನೆ, ನೀವು ಹೂಂ ಅಂದ್ರೆ ಮುಗೀತು. ಅಲ್ಲದೆ ನೀವು ಹೇಳೋದು ನಿಜಾನೇ ಅಲ್ವಾ?”

“ನಿಜಾನೇ” ಎಂದು ಹೊರಟ.

ಈ ಮಧ್ಯೆ ಗೌರಿ ಹಬ್ಬ ಬಂದು ಹೋಯಿತು. ಅದಾದ ಮೇಲೆ, ಹೇಳಿದಂತೆಯೇ, ಪೊಲೀಸ್ ಕೇಸಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ, ನಮ್ಮ ಕೋರ್ಟಿಗೆ ಸಾಕ್ಷಿಯಾಗಿ ಬಂದ. ಅಟೆಂಡರ್ ಎಂದಿನಂತೆ, ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ ಎಂದು ಗಡಗಡನೆ ಒಪ್ಪಿಸಿದ. ಅಣ್ಣ ಹೂಂ ಎನ್ನಲಿಲ್ಲ. ಚಪ್ಪಲಿ ಕಳಚಿ, ಕೈಮುಗಿದು, ಪ್ರತಿ ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಗಡಿಯಾರ ನೋಡಿಕೊಂಡೆ, ಇನ್ನೊಂದು ಕೋರ್ಟ್ ಹಾಲ್‌ನಲ್ಲಿ ಬೇರೆ ಕೇಸಿತ್ತು.

ತಾನು ಪಕ್ಕಕ್ಕೆ ತಿರುಗಿದ್ದು, ದಿಮ್ಮಿ ಕಾಣದೇ ಹೋದದ್ದು ಎಲ್ಲ ಹೇಳಿದ. ಕಜ್ಜಾಯದ ಮಾತು ಮಾತ್ರ ಎತ್ತಲಿಲ್ಲ. ಏನೋ ತೆಗೆದುಕೊಳ್ಳಲು ತಿರುಗಿದೆ ಎಂದ. ಕೋರ್ಟಿಗೆ ಬರಬೇಡ ಎಂದು ಆತ ಹೇಳಿದ್ದರೂ ತಂಗಿ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದಳು.

ಹಿರಿಯರು ಎದ್ದರು. ಈಗ ನಯವಿರಲಿಲ್ಲ. ತಂಗಿ ತಪ್ಪಿಲ್ಲ ಅನ್ನುತ್ತಾಳೆ, ಆಮೇಲೆ ಅಣ್ಣ ಬಂದು ತಪ್ಪಿದೆ ಅನ್ನುತ್ತಾನೆ. ಇಬ್ಬರೂ ಸೇರಿ ಕಂಪನಿಗೆ ಟೋಪಿ ಹಾಕುವ ಆಟ ಎಂಬುದು ಅವರ ವಾದ. ಅದೇನೂ ಕೆಟ್ಟ ವಾದವಲ್ಲ. ನಾನು ಅವರ ಜಾಗದಲ್ಲಿದ್ದಿದ್ದರೂ ಅದನ್ನೇ ಕೇಳುತ್ತಿದ್ದೆ.

“ನೀವೂ ನಿಮ್ ತಂಗೀನೂ ಚೆನ್ನಾಗೇ ಇದೀರಿ. ಹೋಗಿ ಬಂದು ಮಾಡ್ತೀರಿ. ಅವ್ರ ಕೈಲಿ ಕೇಸ್ ಹಾಕ್ಸಿದ್ದೂ ನೀವೇ. ದುಡ್ಡು ಹಂಚ್ಕೊಳ್ಳೋಕೆ ಈಗ ಸುಳ್ಳು ಸಾಕ್ಷಿ ಹೇಳ್ತಿದೀರಿ. ಹೌದೋ ಅಲ್ವೋ?”

ಅಣ್ಣನ ಮುಖ ಕೆಂಪಾಯಿತು. ಹಂಚಿಕೊಳ್ಳುವುದು ಎಂಬ ಮಾತು ಅವನಿಗೆ ತಡೆಯಲಿಲ್ಲ ಅಂತ ಕಾಣುತ್ತದೆ. ಕಟ್ಟೆಯ ಅಡ್ಡಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಇಲ್ಲ ಸ್ವಾಮಿ. ಕೇಸ್ ಹಾಕಿದ್ಮೇಲೆ ನಮಗೂ ಅವಳಿಗೂ ಹೋಗಿಬರೋದೇ ಇಲ್ಲ. ಮಾತೂ ಇಲ್ಲ. ಈ ಸಲ ಗೌರಿಗೆ ಬಾಗಿನಾನೂ ಕೊಟ್ಟಿಲ್ಲ.”

ಇಡೀ ಕೋರ್ಟ್ ಹಾಲ್ ತಣ್ಣಗಾಯಿತು. ತವರಿನಿಂದ ಗೌರಿ ಬಾಗಿನ ಹೋಗಲಿಲ್ಲವೆಂದರೆ ಏನರ್ಥ ಎಂದು ಅಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ. ನ್ಯಾಯಾಧೀಶರು ಒಂದು ಕ್ಷಣ ತಂಗಿಯ ಕಡೆ ನೋಡಿ, ಆಮೇಲೆ ಬರೆಸಿದರು: ‘ಅರ್ಜಿ ಹಾಕಿದ ನಂತರ ತಂಗಿಯೊಂದಿಗೆ ಸಂಬಂಧ ಇಟ್ಟುಕೊಂಡಿಲ್ಲ, ಗೌರಿ ಬಾಗಿನ ಸಹ ನೀಡಿಲ್ಲ ಎಂದು ಸಾಕ್ಷಿ ಸ್ವತಃ ನುಡಿಯುತ್ತಾರೆ.’ ಹಿರಿಯರು ಕೂತರು. ನಾನೂ ಒಳಗೊಳಗೇ ಬೆಚ್ಚಿದ್ದೆ. ನೋಟಿಸಿನಿಂದ ಮನೆ ಇಷ್ಟು ಒಡೆದಿದೆಯೆಂದು ನನಗೆ ಇಬ್ಬರೂ ಹೇಳಿರಲಿಲ್ಲವಲ್ಲ ಎಂದುಕೊಂಡೆ.

ಹೊರಗೆ ಬಂದಾಗ ಅಣ್ಣ ಆಗಲೇ ಹೊರಟುಹೋಗಿದ್ದ. ತಂಗಿ ನನ್ನ ಕೋಟಿನ ತೋಳು ಹಿಡಿದಳು.

“ಮೇಡಂ, ಬಾಗಿನ ಬಂತು ಮೇಡಂ. ಅತ್ತಿಗೇನೂ ಕರ್ಕೊಂಡು ಅವನೇ ಬಂದಿದ್ದ. ಮೊರ ತುಂಬಾ ಇಟ್ಟಿದ್ರು. ಈ ಕೈಗೂ ಅವನೇ ಬಳೆ ತಂದಿದ್ದ, ಹಾಕ್ಕೊಳ್ಳೋಕ್ ಆಗ್ಲಿಲ್ಲ ಅಂತ ಅತ್ತಿಗೆ ಅತ್ರು. ಯಾಕ್ ಮೇಡಂ ಹಂಗ್ ಹೇಳ್ದ?”

ಯಾಕೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಸಾಕ್ಷಿಯನ್ನು ಮತ್ತೆ ಕರೆಸಿ ಆ ಸಾಲನ್ನು ತಿದ್ದಿಸಬಹುದಿತ್ತು. ತಿದ್ದಿಸಿದರೆ ಬಾಕಿ ಎಲ್ಲವೂ, ನಿಜವಾಗಿ ನಿಜವಾಗಿದ್ದ ಮಾತೂ, ಸುಳ್ಳಿನ ರಾಶಿಗೆ ಸೇರುತ್ತಿತ್ತು. ಎರಡು ದಿನ ಯೋಚಿಸಿ ಸುಮ್ಮನಾದೆ. ವಾದ ಮಾಡುವಾಗ ಆ ಸಾಲನ್ನು ನಾನು ಓದಲಿಲ್ಲ, ಎತ್ತಿ ತೋರಿಸಲಿಲ್ಲ. ಅಷ್ಟರ ಮಟ್ಟಿಗೆ ನನ್ನ ಕೈ ಶುದ್ಧ ಎಂದುಕೊಂಡಿದ್ದೆ. ತೀರ್ಪಿನಲ್ಲಿ ನ್ಯಾಯಾಧೀಶರೇ ಅದನ್ನು ಎತ್ತಿಕೊಂಡಿದ್ದರು. ಬಾಗಿನ ನಿಲ್ಲಿಸುವಷ್ಟು ವಿರಸವಿರುವ ಅಣ್ಣತಂಗಿ ಸೇರಿ ಪಿತೂರಿ ಮಾಡಿದ್ದಾರೆಂದು ನಂಬಲಾಗದು ಎಂದು. ತಂಗಿಯ ಮಾತು ರಕ್ತಸಂಬಂಧದ ಮಮತೆಯಿಂದ ಬಂದದ್ದು, ಅಣ್ಣನ ಮಾತು ಮಮತೆ ಇಲ್ಲದೆ ಬಂದದ್ದು, ಹೀಗಾಗಿ ಅಣ್ಣನದೇ ನಂಬಲರ್ಹ. ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪರಿಹಾರ ಕೇಳಿದ್ದಕ್ಕೆ ಹತ್ತಿರವೇ ಸಿಕ್ಕಿತು. ಹುಬ್ಬು ತೀಡುವವಳಿಗೆ ಎಡಗೈ ಬೆರಳು ಹೋದರೆ ಕಸುಬೇ ಹೋದಂತೆ ಎಂದು ಒಪ್ಪಿದ್ದರು. ಕ್ಯಾಂಟೀನಿನಲ್ಲಿ ಸಿಕ್ಕ ಹಿರಿಯರು ಟೀ ಲೋಟ ಎತ್ತಿ, “ಒಂದ್ ಪ್ರಶ್ನೆ ಜಾಸ್ತಿ ಕೇಳ್ಬಿಟ್ಟೆ ಮೇಡಂ” ಎಂದರು. ಮರುಕ್ಷಣವೇ ದನಿ ತಗ್ಗಿಸಿ, “ಕಂಪನಿಯೋರು ಹೈಕೋರ್ಟಿಗೆ ಹೋಗ್ತಾರೆ. ನಿಜವಾಗ್ಲೂ ಮಾತುಕತೆ ಇಲ್ವಾ ಅಂತ ನೋಡೋಕೆ ಜನ ಬಿಡ್ತಾರಂತೆ. ಹೇಳಿಟ್ಟಿರಿ” ಎಂದರು.

ಹೇಳಿಟ್ಟೆ. ಈ ಕಥೆಯಲ್ಲಿ ನನ್ನ ಪಾಲು ಯಾವುದೆಂದು ಯಾರಾದರೂ ಕೇಳಿದರೆ, ಅದು ಆ ಎರಡು ಫೋನು. ಮೇಲ್ಮನವಿ ಮುಗಿಯುವವರೆಗೆ ಹೋಗಿಬರುವುದು ಬೇಡ ಎಂದು ಇಬ್ಬರಿಗೂ ಹೇಳಿದೆ. ತಂಗಿ, “ಹಬ್ಬಕ್ಕೂ ಬೇಡ್ವಾ ಮೇಡಂ?” ಎಂದಳು. ಹಬ್ಬಕ್ಕೆ ಮುಖ್ಯವಾಗಿ ಬೇಡ ಎಂದೆ. ಅಣ್ಣ, “ಆಯ್ತು ಮೇಡಂ, ನಾನೂ ಅದೇ ಅಂದ್ಕೊಂಡಿದ್ದೆ” ಎಂದ. ಆ ಮಾತನ್ನು ನಾನು ಬೇರೆ ಕಿವಿಯಲ್ಲಿ ಕೇಳಬೇಕಿತ್ತು. ನನಗೆ ಅದು ಒಳ್ಳೆಯ ಕಕ್ಷಿದಾರನ ಮಾತಿನಂತೆ ಕೇಳಿಸಿತು.

ಮುಂದಿನ ವರ್ಷದ ಗೌರಿಗೆ ಬಾಗಿನ ಹೋಗಲಿಲ್ಲ. ಕೋರ್ಟಿನಲ್ಲಿ ಕಂಪನಿ ಇಟ್ಟ ಹಣದಲ್ಲಿ ಒಂದು ಭಾಗ ತಂಗಿಗೆ ಬಿಡುಗಡೆಯಾಗಿ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಆಕೆ ಬಾಗಿಲ ಕಡೆಗೇ ನೋಡುತ್ತಿದ್ದಳು. ಯಾರೂ ಬರುವುದಿಲ್ಲವೆಂದು ಆಕೆಗೆ ಗೊತ್ತಿತ್ತು, ಬರಬೇಡಿ ಎಂದಿದ್ದ ನಾನು ಪಕ್ಕದಲ್ಲೇ ಮೂಸಂಬಿ ಸುಲಿಯುತ್ತ ಕೂತಿದ್ದೆ.

ಮೇಲ್ಮನವಿ ಕೊನೆಗೆ ರಾಜಿಯಲ್ಲಿ ಮುಗಿಯಿತು. ಸ್ವಲ್ಪ ಕಡಿಮೆಗೆ ಒಪ್ಪಿದೆವು. ಅವತ್ತೇ ಇಬ್ಬರಿಗೂ ಫೋನು ಮಾಡಿ, ಇನ್ನು ಯಾರ ಹೆದರಿಕೆಯೂ ಇಲ್ಲ, ಹೋಗಿ ಬನ್ನಿ ಎಂದೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಗುಮಾಸ್ತರು ಯಾವಾಗಲೂ ಹೇಳುತ್ತಾರೆ. ಈ ಸಲ ಗೆದ್ದವರು ಗೆದ್ದರಲ್ಲ ಎಂದು ಅವರನ್ನು ಛೇಡಿಸಿದೆ ಕೂಡ.

ಮತ್ತೆ ಗೌರಿ ಹಬ್ಬ ಬಂತು. ನಮ್ಮ ಬಜಾರ್ ಬೀದಿಯಲ್ಲಿ ಅರಿಶಿನ ಬಳಿದ ಮೊರಗಳನ್ನು ಒಂದರ ಮೇಲೊಂದು ಪೇರಿಸಿ ಮಾರುತ್ತಿದ್ದರು. ಹಬ್ಬದ ಮಾರನೆಯ ದಿನ ತಂಗಿ ಫೋನು ಮಾಡಿದಳು.

“ಕೇಸ್ ಮುಗೀತು ಅಂತ ಅಣ್ಣಂಗೆ ಹೇಳಿದೀರಾ ಮೇಡಂ?”

“ಅವತ್ತೇ ಹೇಳಿದೀನಲ್ಲಮ್ಮ. ಯಾಕೆ, ಬರಲಿಲ್ವಾ?”

“ಬರ್ಲಿಲ್ಲ. ಫೋನ್ ಮಾಡಿದ್ರೆ ಅತ್ತಿಗೆ ಎತ್ತಿ, ಮನೇಲಿಲ್ಲ ಅಂತಾರೆ. ನಾನೇ ಹೋದ್ರೂ ಹಿತ್ಲು ಬಾಗ್ಲಿಂದ ಎದ್ದು ಹೋಗ್ಬಿಟ್ಟ. ಬೇಜಾರಾಗಿದ್ಯಾ ಅವನಿಗೆ? ನನ್ ಮೇಲೆ ಸಿಟ್ಟಾ?”

ನಾನೇ ಕೇಳಿಕೊಂಡು ಬರುತ್ತೇನೆಂದು ದೊಡ್ಡನೆಕ್ಕುಂದಿಗೆ ಹೊರಟೆ. ಆತ ಮನೆಯ ಜಗಲಿಯ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು, ಒಳಗೆ ಕಾಫಿಗೆ ಹೇಳಿ, ಕುರ್ಚಿ ತಂದುಹಾಕಿದ. ಸಿಟ್ಟಿನ ಸುಳಿವಿರಲಿಲ್ಲ. ಸೊರಗಿದ್ದ.

ನಾನು ಸುತ್ತುಬಳಸಿ ಮಾತಾಡುವವಳಲ್ಲ. ಏನ್ರೀ ಇದು, ಆ ಹುಡುಗಿಯ ಗೋಳು ನೋಡೋಕಾಗಲ್ಲ, ಕೇಸು ಮುಗಿದು ತಿಂಗಳುಗಳಾದವು, ಇನ್ನೂ ಯಾರಿಗೆ ಹೆದರುತ್ತೀರಿ ಎಂದು ಜೋರು ಮಾಡಿದೆ.

“ಕಂಪನಿಯೋರಿಗಲ್ಲ ಮೇಡಂ” ಎಂದ. ಆಮೇಲೆ ಕೇಳಿದ: “ಕೈ ಹೆಂಗಿದೆ ಈಗ?”

“ಪರವಾಗಿಲ್ಲ. ಉಂಗುರದ ಬೆರಳು ನೇರ ಆಗಿದೆ. ಕಿರುಬೆರಳೂ ಆಗುತ್ತೆ ಅಂತಾರೆ. ಮೆಲ್ಲಗೆ ದಾರ ಹಿಡಿಯೋಕೆ ಶುರು ಮಾಡಿದಾಳೆ.”

ಆತನ ಮುಖ ಅರಳಿತು. ಅಷ್ಟು ಅರಳಿದ್ದನ್ನು ನಾನು ಮೊದಲ ಬಾರಿಗೆ ನೋಡಿದೆ.

“ನೋಡಿ ಮತ್ತೆ. ಅವತ್ತು ದೇವ್ರ ಮೇಲೆ ಪ್ರಮಾಣ ಮಾಡಿ, ಬಾಗಿನ ಕೊಟ್ಟಿಲ್ಲ, ಹೋಗಿಬರೋದಿಲ್ಲ ಅಂದ್ಬಿಟ್ಟೆ. ಬಾಯಿಂದ ಬಂದ್ಬಿಡ್ತು. ಹೇಳಿದ್ದು ಯಾರ್ ವಿಷ್ಯ? ಅವಳ ವಿಷ್ಯ. ಸುಳ್ಳಾದ್ರೆ ತಟ್ಟೋದು ಯಾರಿಗೆ? ಆ ಕೈಗೆ. ಹಿಂದೆ ಕೊಟ್ಟಿದ್ನ ವಾಪಸ್ ತಗೊಳ್ಳೋಕಾಗಲ್ಲ. ಮುಂದಕ್ಕಾದ್ರೂ ನಿಜ ಮಾಡೋಣ ಅಂತ ನಿಲ್ಲಿಸ್ಬಿಟ್ಟೆ. ನಿಲ್ಲಿಸಿದ್ಮೇಲೆ ತಾನೇ ಬೆರಳು ನೆಟ್ಟಗಾಗಿದ್ದು?”

ಆಪರೇಷನ್ ಮಾಡಿದ ಡಾಕ್ಟರು, ದಿನಾ ವ್ಯಾಯಾಮ ಮಾಡಿಸಿದವರು, ಇವರನ್ನೆಲ್ಲ ನೆನಪಿಸಬಹುದಿತ್ತು. ಕೋರ್ಟಿನ ಪ್ರಮಾಣ ಬರೀ ಫಾರ್ಮಾಲಿಟಿ ಎಂದು ಹೇಳಿದವಳು ನಾನೇ, ಅದನ್ನೂ ಇನ್ನೊಮ್ಮೆ ಹೇಳಬಹುದಿತ್ತು. ಜೀವನವಿಡೀ ಪಾಟಿ ಸವಾಲು ಮಾಡಿದವಳಿಗೆ ಆ ಮನುಷ್ಯನನ್ನು ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಅವನ ಹೆಂಡತಿ ಕಾಫಿ ತಂದಿಟ್ಟು ಕಣ್ಣೊರೆಸಿಕೊಂಡು ಒಳಗೆ ಹೋದಳು. ಬಾಗಿಲ ಸಂದಿಯಲ್ಲಿ ಹೊಸ ಮೊರಗಳ ಜೊತೆಯೊಂದು ಗೋಡೆಗೆ ಒರಗಿತ್ತು.

“ಅವಳಿಗೆ ಇದೆಲ್ಲ ಹೇಳ್ಬೇಡಿ ಮೇಡಂ” ಎಂದ. “ಹೇಳಿದ್ರೆ, ಕೈ ಹೋದ್ರೂ ಹೋಗ್ಲಿ ಬಾ ಅಂತಾಳೆ. ಕಜ್ಜಾಯ ಕೊಟ್ಟೋಳಲ್ವಾ.”

ಕಾರು ಹತ್ತುವ ಮೊದಲೇ ತಂಗಿಯ ಫೋನು ಬಂತು. “ಸಿಕ್ಕಿದ್ನಾ ಮೇಡಂ? ಏನಂದ?”

“ನಿನ್ನ ಕೈ ಹೇಗಿದೆ ಅಂತ ಕೇಳಿದ ಕಣಮ್ಮ.”

“ಆಮೇಲೆ?”

“ಅಷ್ಟೇ” ಎಂದೆ.